ಸೆಲ್ಕೋ

ಬಡ ಕುಟುಂಬಗಳಿಗೆ ಸೌರ ವಿದ್ಯುತ್ ಒದಗಿಸುವ, ಬೆಂಗಳೂರು ಮೂಲದ ಖಾಸಗಿ ಸಾಮಾಜಿಕ ಉದ್ಯಮ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಇದನ್ನು 1995ರಲ್ಲಿ ಸ್ಥಾಪಿಸಿದರು.

ಸೌರ ದೀಪಕ್ಕಿಂತ ಅದನ್ನು ಕೊಳ್ಳಲು ಸಾಲದ ಏರ್ಪಾಡೇ ಇದರ ನಿಜವಾದ ಹೊಸತನ. ಸಂಜೆ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರಿಗೆ ತಿಂಗಳಿಗೆ 300 ರೂಪಾಯಿ ಕಂತು ಹೊರೆಯಾಗಿತ್ತು. ದಿನಕ್ಕೆ 10 ರೂಪಾಯಿ ಹೊರೆಯಾಗಿರಲಿಲ್ಲ, ಹಳೆಯ ದೀಪದ ಸೀಮೆಎಣ್ಣೆಗೂ ದಿನದಿನ ದುಡ್ಡು ಬೇಕೇ ಆಗಿತ್ತು. ಗಿರಾಕಿಯ ಕೈಗೆ ಕಾಸು ಬರುವ ಹೊತ್ತಿಗೆ ಕಂತು ಹೊಂದಿಸುವಂತೆ ಸಂಸ್ಥೆ ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿತು. ಬಡವರು ಸೌರ ಉಪಕರಣ ಕೊಳ್ಳಲಾರರು, ಅದನ್ನು ನಿರ್ವಹಿಸಲಾರರು, ಸಾಮಾಜಿಕ ಉದ್ಯಮ ವ್ಯಾಪಾರವಾಗಿ ನಡೆಯದು ಎಂಬ ಮೂರು ನಂಬಿಕೆಗಳನ್ನೂ ಅದು ಸುಳ್ಳಾಗಿಸಿತು.

ಮಾರಿದ ಮೇಲೂ ದುರಸ್ತಿಗೆ ಹತ್ತಿರದಲ್ಲೇ ಸೇವಾ ಕೇಂದ್ರ ಇರಬೇಕೆಂಬುದು ಇಲ್ಲಿನ ಪದ್ಧತಿ. ಕೆಟ್ಟು ಮೂಲೆ ಸೇರಿದ ದೀಪದಿಂದ ಯಾರಿಗೂ ಪ್ರಯೋಜನವಿಲ್ಲ.

ಹಂದೆಯವರಿಗೆ 2011ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.