ಶಿಬ್ಬೊಲೆತ್ ಅನ್ನಿ ನೋಡೋಣ

ಹಳೇ ಮೈಸೂರು ಕಡೆಯ ಹಳ್ಳಿಯಿಂದ ಬಿ.ಇ. ಓದಲು ಬಂದ ನನಗೆ ಹಾಸ್ಟೆಲ್ಲಿನ ಮೊದಲ ವಾರವೇ ಒಂದು ಪರೀಕ್ಷೆ ನಡೆಯಿತು. ‘ಹಾಲು ಅನ್ನು ನೋಡೋಣ’ ಅಂದರು ಸೀನಿಯರ್‌ಗಳು. ನಾನು ‘ಆಲು’ ಅಂದೆ. ಅಲ್ಲಿಂದ ನಾಲ್ಕು ವರ್ಷ ನನ್ನ ಹೆಸರು ಆಲೂಗಡ್ಡೆ.

ಇದೇ ಪರೀಕ್ಷೆ ಬೈಬಲ್ಲಿನಲ್ಲೂ ಇದೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ, ಒಂದು ಸಾಫ್ಟ್‌ವೇರಿನ ಹೆಸರಿನ ಮೂಲ ಹುಡುಕುವಾಗ. ನ್ಯಾಯಸ್ಥಾಪಕರು ಎಂಬ ಭಾಗದ 12ನೇ ಅಧ್ಯಾಯ. ಸೋತ ಎಫ್ರಾಯೀಮ್ಯರು ಯೊರ್ದನ್ ಹೊಳೆ ದಾಟಿ ಊರಿಗೆ ಹೋಗಲು ಬರುತ್ತಾರೆ. ದಾರಿ ಕಾಯುತ್ತಿದ್ದ ಗಿಲ್ಯಾದ್ಯರು ‘ಶಿಬ್ಬೊಲೆತ್ ಅನ್ನು’ ಅನ್ನುತ್ತಾರೆ. ಹಾಗಂದರೆ ತೆನೆ. ನಾಲಿಗೆ ಹೊರಳದೆ ‘ಸಿಬ್ಬೊಲೆತ್’ ಅಂದವನನ್ನು ಅಲ್ಲೇ ಕೊಲ್ಲುತ್ತಾರೆ. ಹಾಗೆ ಸತ್ತವರು 42,000 ಅನ್ನುತ್ತದೆ ಆ ಗ್ರಂಥ.

ಇಂಥ ಹೆಸರನ್ನು ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಒಂದು ಮಿಡಲ್‌ವೇರಿಗೆ ಇಟ್ಟವು. ಮಿಡಲ್‌ವೇರ್ ಅಂದರೆ ಕೆಳಗಿನ ನೆಟ್‌ವರ್ಕಿಗೂ ಮೇಲೆ ನಾವು ಬಳಸುವ ಅಪ್ಲಿಕೇಶನ್ನಿಗೂ ನಡುವೆ ಕೂತು, ಬಂದವರು ಯಾರು, ಅವರಿಗೆ ಏನೇನು ಅವಕಾಶ ಉಂಟು ಅಂತ ನೋಡಿಕೊಳ್ಳುವಂಥ ತಂತ್ರಾಂಶ.

1990ರ ದಶಕದಲ್ಲಿ ಸಂಶೋಧನಾ ಪತ್ರಿಕೆಗಳು ಇಂಟರ್‌ನೆಟ್ಟಿಗೆ ಬಂದವು. ಚಂದಾ ಕಟ್ಟಿದ ವಿಶ್ವವಿದ್ಯಾಲಯವನ್ನು ಪ್ರಕಾಶಕರು ಗುರುತಿಸುತ್ತಿದ್ದುದು ಕ್ಯಾಂಪಸ್ಸಿನ ಕಂಪ್ಯೂಟರುಗಳ ಐಪಿ ವಿಳಾಸದಿಂದ. ಹುಡುಗ ರಜೆಗೆ ಊರಿಗೆ ಹೋದನೋ, ಬಾಗಿಲು ಬಂದ್! ಪ್ರತಿ ಪ್ರಕಾಶಕರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟರೆ ನೆನಪಿಟ್ಟುಕೊಳ್ಳೋರು ಯಾರು? ಅದಕ್ಕಿಂತ ಹೆಚ್ಚಾಗಿ, ಯಾರು ಏನು ಓದಿದರು ಅನ್ನೋ ಲೆಕ್ಕ ಹೊರಗಿನವರ ಕೈ ಸೇರುತ್ತದೆ.

1996ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಕಟ್ಟಿಕೊಂಡ ಇಂಟರ್‌ನೆಟ್2 ಒಕ್ಕೂಟ ಇದನ್ನು ಕೈಗೆತ್ತಿಕೊಂಡಿತು. ಅದರ ಮಿಡಲ್‌ವೇರ್ ವಿಭಾಗದ ಮುಂದಾಳು ಕೆನ್ ಕ್ಲಿಂಗೆನ್‌ಸ್ಟೈನ್. 2000ದಲ್ಲಿ ಶಿಬ್ಬೊಲೆತ್ ಕೆಲಸ ಶುರುವಾಗಿ 2003ರಲ್ಲಿ ಮೊದಲ ಆವೃತ್ತಿ ಹೊರಬಂತು.

ಅದು ಕೆಲಸ ಮಾಡುವುದು ಹೀಗೆ: ನೀವು ಪ್ರಕಾಶಕರ ಬಾಗಿಲಿಗೆ ಹೋದರೆ ಅವರು ‘ನಿಮ್ಮದು ಯಾವ ಸಂಸ್ಥೆ?’ ಅಂತ ಕೇಳಿ ಅಲ್ಲಿಗೇ ಕಳಿಸುತ್ತಾರೆ. ಪಾಸ್‌ವರ್ಡ್ ಕೊಡೋದು ನಿಮ್ಮ ವಿಶ್ವವಿದ್ಯಾಲಯಕ್ಕೆ ಮಾತ್ರ. ಅದು ‘ಹೌದು, ಇವರು ನಮ್ಮವರು’ ಅಂತ ಡಿಜಿಟಲ್ ಸಹಿ ಹಾಕಿದ ಚೀಟಿ ಕೊಡುತ್ತದೆ. ಚೀಟಿಯಲ್ಲಿ ನಿಮ್ಮ ಹೆಸರು ಇರಲೇಬೇಕೆಂದಿಲ್ಲ. ವಿದ್ಯಾರ್ಥಿ, ಅಧ್ಯಾಪಕ, ಸದಸ್ಯ ಎಂದಿದ್ದರೆ ಸಾಕು. ಚೀಟಿಯ ಭಾಷೆ ಸ್ಯಾಮಲ್. 2005ರ ಸ್ಯಾಮಲ್ 2.0ಕ್ಕೆ ಶಿಬ್ಬೊಲೆತ್‌ನಿಂದ ಬಂದ ವಿಚಾರಗಳೂ ಸೇರಿದವು. ಇವತ್ತು ಕಂಪನಿಗಳಲ್ಲಿ ಒಂದೇ ಲಾಗಿನ್‌ನಲ್ಲಿ ಹತ್ತು ಅಪ್ಲಿಕೇಶನ್ ತೆರೆಯುತ್ತೀವಲ್ಲ, ಬಹಳ ಕಡೆ ಅದರ ಹಿಂದೆ ಇರೋದು ಈ ಭಾಷೆಯೇ.

ಕೋಡ್ ಬರೆದರೆ ಮುಗಿಯಲಿಲ್ಲ. ಯಾರ ಚೀಟಿಯನ್ನು ಯಾರು ನಂಬಬೇಕು? ಅದಕ್ಕೆ ಒಪ್ಪಂದ ಮಾಡಿಕೊಂಡು ಕೂಟಗಳು ಹುಟ್ಟಿದವು. ಅಮೆರಿಕದಲ್ಲಿ ಇನ್‌ಕಾಮನ್, ನಮ್ಮಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್.

ಕಾಲೇಜು ಬಿಟ್ಟ ಮೇಲೆ ಒಂದು ರಾತ್ರಿ ಯಾವುದೋ ಲೇಖನ ಓದಬೇಕಿತ್ತು. ‘ನಿಮ್ಮ ಸಂಸ್ಥೆ ಆರಿಸಿ’ ಅಂತ ಮಾರುದ್ದದ ಪಟ್ಟಿ ಬಂತು. ಅದರಲ್ಲಿ ನನ್ನವರು ಅನ್ನುವ ಯಾರೂ ಇರಲಿಲ್ಲ. ಹೆಸರನ್ನೂ ಕೇಳದ ಸಭ್ಯ ಬಾಗಿಲು ಅದು, ಆದರೂ ಹಾಸ್ಟೆಲ್ಲಿನ ಆ ಸಂಜೆ ನೆನಪಾಯಿತು.

ಚೀಟಿಯಲ್ಲಿ ಬರೆಯಬಹುದಾದ ಪದಗಳ ಪಟ್ಟಿಗೆ ಎಜುಪರ್ಸನ್ ಅಂತ ಹೆಸರು. ಅದರಲ್ಲಿ ‘ಲೈಬ್ರರಿ ವಾಕ್-ಇನ್’ ಅಂತಲೂ ಒಂದು ಪದ ಇದೆ. ವಿದ್ಯಾರ್ಥಿಯಲ್ಲ, ಮೇಷ್ಟರಲ್ಲ, ಸುಮ್ಮನೆ ಲೈಬ್ರರಿಗೆ ನಡೆದು ಬಂದವನು ಅಂತ. ಅಂಥವನನ್ನೂ ಯಾರೋ ಎಂಜಿನಿಯರುಗಳು ನೆನಪಿಟ್ಟುಕೊಂಡು ಅವನಿಗೊಂದು ಜಾಗ ಮಾಡಿದ್ದಾರೆ ಅಂತ ನೋಡಿ ಖುಷಿಯಾಯಿತು.

ನಮ್ಮೂರಲ್ಲಿ ಕೊಯ್ಲು ಮುಗಿದ ಹೊಲದಲ್ಲಿ ಉದುರಿದ ತೆನೆಯನ್ನು ಯಾರು ಬೇಕಾದರೂ ಆಯ್ದುಕೊಳ್ಳಬಹುದಿತ್ತು. ಅದಕ್ಕೆ ಹಕ್ಕಲು ಆಯೋದು ಅಂತಾರೆ. ನಮ್ಮ ಬಾಯಲ್ಲಿ ಅದು ಅಕ್ಕಲು.