ಬಿಟ್ಟಿ ಚಾಕರಿ ಒಲ್ಲೆ ಎಂದವರು



ದುಡಿದವರಿಗೆ ಕೂಲಿ ಸಿಗಬೇಕು ಎಂಬುದು ಇಂದು ನಮಗೆ ಸಹಜ ಮಾತು. ನೂರು ವರ್ಷಗಳ ಹಿಂದೆ, ನಮ್ಮ ಸಂಖ ಇರುವ ಈ ಸೀಮೆಯಲ್ಲಿ ಎಲ್ಲರಿಗೂ ಹಾಗಿರಲಿಲ್ಲ.

ಮುಂಬಯಿ ಪ್ರಾಂತ್ಯದ ಹಳ್ಳಿಗಳಲ್ಲಿ ಮಹಾರ ಮನೆತನಗಳಿಗೆ ತುಂಡು ವತನ ಭೂಮಿ, ಸುಗ್ಗಿಯಲ್ಲಿ ರೈತರಿಂದ ಆಯದ ಕಾಳು ಸಿಗುತ್ತಿತ್ತು. ಪ್ರತಿಯಾಗಿ ಹಗಲು ರಾತ್ರಿ ಚಾಕರಿ: ಟಪಾಲು ಒಯ್ಯಬೇಕು, ಅಧಿಕಾರಿಗಳ ಸಾಮಾನು ಹೊರಬೇಕು, ಸತ್ತ ದನ ಎಳೆಯಬೇಕು. ಒಬ್ಬರು ಬರದಿದ್ದರೆ ಮನೆಯ ಇನ್ನೊಬ್ಬರು ಹೋಗಬೇಕು. ಒಲ್ಲೆ ಎಂದರೆ ಊರವರು ಆಯ ನಿಲ್ಲಿಸುತ್ತಿದ್ದರು; ಭೂಮಿಯೂ ಹೋಗುವ ಭಯ.

1928ರಲ್ಲಿ ಡಾ. ಅಂಬೇಡ್ಕರ್ ಮುಂಬಯಿ ಶಾಸನಸಭೆಯಲ್ಲಿ 1874ರ ವತನ ಕಾಯ್ದೆಗೆ ತಿದ್ದುಪಡಿ ಮಂಡಿಸಿದರು. ಚಾಕರಿ ಬೇಡವೆಂದವರು ಪೂರ್ತಿ ಕಂದಾಯ ಕಟ್ಟಿ ಭೂಮಿ ಉಳಿಸಿಕೊಳ್ಳಲಿ ಎಂದು ಕೇಳಿದರು. ಮಸೂದೆ ಪಾಸಾಗಲಿಲ್ಲ.

ನಮ್ಮ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1950ರಲ್ಲಿ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. 1958ರ ಕಾಯ್ದೆ ಈ ವತನಗಳನ್ನು ರದ್ದುಮಾಡಿತು.

1972ರ ಬರಗಾಲದ ನಂತರ ಮಹಾರಾಷ್ಟ್ರದಲ್ಲಿ 1977ರ ಉದ್ಯೋಗ ಖಾತ್ರಿ ಕಾಯ್ದೆ ಬಂತು. ಕೇಳಿದ 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ. ಕೊಟ್ಟ ಕೆಲಸಕ್ಕೆ ಹೋಗದಿದ್ದರೆ ಭತ್ಯೆ ಇಲ್ಲ. ಇಲ್ಲೂ ಷರತ್ತು ಇದೆ. ಆದರೆ ಈ ಕೆಲಸವನ್ನು ನಾವೇ ಕೇಳುತ್ತೇವೆ, ಅದಕ್ಕೆ ಕೂಲಿ ಇದೆ, ಜಾತಿಯ ಕಟ್ಟಿಲ್ಲ.

ಒಲ್ಲೆ ಎಂದು ಆಯ ಕಳೆದುಕೊಂಡವರು ಎಷ್ಟು ದಿನ ಹಸಿದಿದ್ದರೋ! ಮನೆಯ ಹಿರಿಯರಿಗೆ ಇದರ ನೆನಪಿದ್ದರೆ ಕೇಳಿ ಬರೆದಿಡೋಣ. ಇಂದು ನಮ್ಮ ಹೊಲದಲ್ಲಿ ದುಡಿಯುವವರ ಕೂಲಿಯನ್ನು ಅಂದಂದೇ ಕೊಡೋಣ.