ಸೂರಿಲ್ಲದ ಪಾಠಶಾಲೆ

ನಾವು ಊರಿನಲ್ಲಿ ಕಲಿಯುವಾಗ ‘ಒಂದಕ್ಕೆ ಬಿಡುವ’ ಗಂಟೆ ಬಾರಿಸಿದರೆ ಸಾಕು, ಇಡೀ ಶಾಲೆ ಬಯಲಿಗೆ ಬೀಳುತ್ತಿತ್ತು. ಇಲ್ಲಿ ಮುಂಬಯಿಯಲ್ಲಿ ನಮ್ಮ ಮಕ್ಕಳು ಅದನ್ನು ‘ಮಧಲೀ ಸುಟ್ಟಿ’ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ಮಗನ ಶಾಲೆಯಲ್ಲಿ ಬಿಡುವಿನ ವೇಳೆ ಹುಡುಗನೊಬ್ಬ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡ. ಮರುವಾರವೇ ಸುತ್ತೋಲೆ ಬಂತು: ಇನ್ನು ಮುಂದೆ ಮಕ್ಕಳು ಬೆಂಚಿನಲ್ಲೇ ಕುಳಿತು ಡಬ್ಬಿ ಮುಗಿಸತಕ್ಕದ್ದು. ಕೆಳಗೆ ಪಾಲಕರ ಸಹಿ. ಕಾಗದಪತ್ರಗಳ ನಡುವೆಯೇ ಬದುಕುವ ಗುಮಾಸ್ತ ನಾನು. ಎರಡು ಸಲ ಓದದೆ ಸಹಿ ಹಾಕಿದೆ. ಆ ಸಹಿ ಇಂದಿಗೂ ನನ್ನನ್ನು ಚುಚ್ಚುತ್ತದೆ. ಏಕೆಂದರೆ ಈ ಪ್ರಶ್ನೆಗೆ ಇನ್ನೂರು ವರ್ಷಗಳ ಹಿಂದೆಯೇ ಒಂದು ಒಳ್ಳೆಯ ಉತ್ತರ ಸಿಕ್ಕಿತ್ತು.

ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಹತ್ತಿಗಿರಣಿಗಳ ಊರು. ಎಳೆಯ ಮಕ್ಕಳನ್ನು ಯಂತ್ರಗಳ ಮುಂದೆ ನಿಲ್ಲಿಸುತ್ತಿದ್ದ ಕಾಲವದು. ಅಲ್ಲಿನ ಗಿರಣಿಯ ಒಡೆಯ ರಾಬರ್ಟ್ ಓವನ್ ಹತ್ತು ವರ್ಷದೊಳಗಿನವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿ, 1816ರ ಜನವರಿ 1ರಂದು ಶಾಲೆಯೊಂದನ್ನು ತೆರೆದ. ಮಕ್ಕಳಿಗೆ ಆಟದ ಅಂಗಳ ಬೇಕು, ಅಲ್ಲಿ ತಕ್ಕ ಅರ್ಹತೆಯುಳ್ಳವರ ಕಣ್ಣಿರಬೇಕು ಎಂದು ಅವನು ಅದಕ್ಕೂ ಮುಂಚೆಯೇ ಬರೆದಿದ್ದ. ಜೊತೆಗಾರನನ್ನು ನೋಯಿಸಬಾರದು, ಅವನ ಸಂತೋಷಕ್ಕೆ ನೆರವಾಗಬೇಕು ಎಂಬುದೇ ಅಂಗಳದ ಮೊದಲ ಪಾಠ. ಚಿಕ್ಕವರನ್ನು ನೋಡಿಕೊಳ್ಳಲು ಅವನು ಆರಿಸಿದ್ದು ಪಂಡಿತರನ್ನಲ್ಲ. ಜೇಮ್ಸ್ ಬುಕಾನನ್ ಎಂಬ ನೇಕಾರನನ್ನು, ಮಾಲಿ ಯಂಗ್ ಎಂಬ ಹದಿನೇಳರ ಗಿರಣಿ ಹುಡುಗಿಯನ್ನು.

ಬುಕಾನನ್ ಮುಂದೆ ಲಂಡನ್ನಿಗೆ ಹೋದ. ಅವನ ಕೆಲಸವನ್ನು ಕಂಡು ಕಲಿತ ಸ್ಯಾಮ್ಯುಯೆಲ್ ವಿಲ್ಡರ್‌ಸ್ಪಿನ್ 1820ರಲ್ಲಿ ನೇಕಾರರ ಕೇರಿಯಾದ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಶಿಶುಶಾಲೆ ನಡೆಸತೊಡಗಿದ. ಅವನು ಅಂಗಳದಲ್ಲಿ ಉಯ್ಯಾಲೆಗಳ ಜೊತೆಗೆ ಹೂಗಿಡಗಳೂ ಹಣ್ಣಿನ ಮರಗಳೂ ಇರಬೇಕೆಂದ. ಕೈಗೆಟಕುವ ಹಣ್ಣನ್ನು ಕೀಳದಿರುವುದು ಎಂತಹ ಪಾಠವೆಂದು ಯೋಚಿಸಿ ನೋಡಿ! ಬೇಲಿ ಕಟ್ಟಿದ್ದರೆ ಆ ಪಾಠವೇ ಇರುತ್ತಿರಲಿಲ್ಲ. ಆದರೆ ಒಂದು ಷರತ್ತು: ಆಟದ ವೇಳೆಯಲ್ಲಿ ಉಪಾಧ್ಯಾಯರು ಅಂಗಳದಲ್ಲಿಯೇ ಇರಬೇಕು. ತರಗತಿಯಲ್ಲಿ ಕೈಕಟ್ಟಿ ಕುಳಿತ ಮಗುವಿನ ನಿಜವಾದ ಸ್ವಭಾವ ಕಾಣುವುದು ಆಟದಲ್ಲಿ ತಾನೆ?

ಈ ವಿಚಾರವನ್ನು ಪದ್ಧತಿಯಾಗಿ ಬೆಳೆಸಿದವನು ಗ್ಲಾಸ್ಗೋದ ವ್ಯಾಪಾರಿ ಡೇವಿಡ್ ಸ್ಟೋ. ಅವನು ಆಟದ ಅಂಗಳಕ್ಕೆ ಇಟ್ಟ ಹೆಸರೇ ‘ಸೂರಿಲ್ಲದ ಪಾಠಶಾಲೆ’. ಅಲ್ಲಿ ಮಾಸ್ತರರು ಅಡ್ಡಬರದೆ ಗಮನಿಸುತ್ತಾರೆ. ಒಬ್ಬ ಇನ್ನೊಬ್ಬನ ಆಟಿಕೆ ಕಸಿದರೆ ಬೆತ್ತ ಹೊರಡುವುದಿಲ್ಲ. ಒಳಗೆ ಬಂದ ಮೇಲೆ, ಹೆಸರು ಹೇಳದೆ, ನಡೆದದ್ದನ್ನು ಎಲ್ಲರ ಮುಂದಿಡುತ್ತಾರೆ. ಸರಿ ತಪ್ಪುಗಳನ್ನು ಮಕ್ಕಳೇ ತೀರ್ಮಾನಿಸುತ್ತಾರೆ. 1837ರಲ್ಲಿ ಗ್ಲಾಸ್ಗೋದಲ್ಲಿ ಅವನ ಶಿಕ್ಷಕರ ತರಬೇತಿ ಶಾಲೆಯ ಕಟ್ಟಡ ತೆರೆಯಿತು. ಬಿಡುವಿನ ಮೇಲ್ವಿಚಾರಣೆಯೂ ಶಿಕ್ಷಕನು ಕಲಿಯಬೇಕಾದ ವಿದ್ಯೆಯಾಯಿತು.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ ಅನುಸೂಚಿ ಶಾಲೆಗೆ ಆಟದ ಮೈದಾನ ಬೇಕೆನ್ನುತ್ತದೆ. ಮೈದಾನವಿಲ್ಲದ ಶಾಲೆ ಇರಕೂಡದೆಂದು ಸುಪ್ರೀಂ ಕೋರ್ಟು 2023ರಲ್ಲಿ, ಹರಿಯಾಣದ ಹಳ್ಳಿಶಾಲೆಯೊಂದರ ಜಾಗದ ಪ್ರಕರಣದಲ್ಲಿ, ಹೇಳಿತು. ಆದರೆ ಆ ಅನುಸೂಚಿಯಲ್ಲಿ ಬೋಧನೆಯ ಗಂಟೆಗಳ ಲೆಕ್ಕವಿದೆಯೇ ಹೊರತು ಬಿಡುವಿನ ನಿಮಿಷಗಳ ಲೆಕ್ಕವಿಲ್ಲ. ಅದನ್ನು ಕೇಳಬೇಕಾದವರು ನಾವೇ.

ನಮ್ಮ ಮಕ್ಕಳು ಬೆಳೆಯುವುದು ಒಂದೂವರೆ ಕೋಣೆಯ ಮನೆಗಳಲ್ಲಿ. ಕೆಳಗಿಳಿದರೆ ವಾಹನಗಳ ಸಾಲು. ಅವರಿಗೆ ಓಡಲು ಸಿಗುವುದು ಶಾಲೆಯ ಆ ಅರ್ಧ ಗಂಟೆ ಮಾತ್ರ. ಬಿದ್ದ ಹುಡುಗನಿಗೆ ಬೇಕಾಗಿದ್ದುದು ಮೆಟ್ಟಿಲ ಬಳಿ ನಿಂತ ಒಬ್ಬ ಶಿಕ್ಷಕ. ನಾವು ಕೊಟ್ಟಿದ್ದು ಮುನ್ನೂರು ಮಕ್ಕಳಿಗೆ ಬೆಂಚಿನ ಸೆರೆ. ಕಚೇರಿಯಲ್ಲಿ ನಮ್ಮ ಚಹಾದ ಬಿಡುವನ್ನು ಹತ್ತು ನಿಮಿಷ ಕಡಿತ ಮಾಡಿದರೆ ಯೂನಿಯನ್ನಿಗೆ ದೂರು ಹೋಗುತ್ತದೆ. ಮಕ್ಕಳಿಗೆ ಯೂನಿಯನ್ ಇಲ್ಲ.

ಮುಂದಿನ ಪಾಲಕರ ಸಭೆಯಲ್ಲಿ ಅಂಕಗಳನ್ನು ವಿಚಾರಿಸುವ ಮೊದಲು ಎರಡು ಪ್ರಶ್ನೆ ಕೇಳೋಣ: ಬಿಡುವು ಎಷ್ಟು ನಿಮಿಷ? ಆಗ ಮಕ್ಕಳ ಬಳಿ ನಿಲ್ಲುವವರು ಯಾರು? ಅನಂತರ ಸಹಿ ಹಾಕೋಣ.